ಹೆಡ್‌ಫೋನ್‌ನಲ್ಲಿ ಗುಡುಗುವ ಬೇಸ್ ಆಟೋದಲ್ಲಿ ಕಾಣೆಯಾದರೆ ಎಲ್ಲಿಂದ ಹುಡುಕಬೇಕು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ಸಣ್ಣ ಕೋಣೆ ಇದೆ. 11 ಅಡಿ ಉದ್ದ, 10 ಅಡಿ ಅಗಲ. ಒಂದು ಲ್ಯಾಪ್‌ಟಾಪ್, 5 ಇಂಚಿನ ಎರಡು ಸ್ಪೀಕರ್, ಒಂದು ಹೆಡ್‌ಫೋನ್, ಎರಡು ಮೈಕ್ ಸಿಕ್ಕಿಸಬಹುದಾದ ಆಡಿಯೋ ಇಂಟರ್‌ಫೇಸ್, ಇಷ್ಟೇ ಸಾಮಾನು. ಕಳೆದ ವರ್ಷ ಗಣಪತಿ ಹಬ್ಬಕ್ಕೆ ಅಂತ ಡೊಳ್ಳನ್ನೂ ಎಲೆಕ್ಟ್ರಾನಿಕ್ ಬೇಸನ್ನೂ (ತಳದ ದಪ್ಪ ಸದ್ದು) ಸೇರಿಸಿ ಒಂದು ಟ್ರ್ಯಾಕ್ ಮಾಡಿದೆ. ಮಿಕ್ಸ್ ಮಾಡಲು, ಅಂದರೆ ಬೇರೆ ಬೇರೆ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸಲು, ಕಲಿಯುತ್ತಿದ್ದ ದಿನಗಳು. ಆ ಟ್ರ್ಯಾಕ್ ನನಗೆ ಕಲಿಸಿದಷ್ಟು ಬೇರೆ ಯಾವುದೂ ಕಲಿಸಿಲ್ಲ, ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ರೋಗದ ಲಕ್ಷಣ ಹೇಳಿಬಿಡುತ್ತೇನೆ. ಹೆಡ್‌ಫೋನ್‌ನಲ್ಲಿ ಬೇಸ್ ಗುಡುಗುತ್ತಿತ್ತು, ಎರಡೂ ಕಿವಿಯ ಆಚೆಗೆ ಹರಡಿಕೊಂಡ ಹಾಗೆ ಕೇಳುತ್ತಿತ್ತು. ಸ್ಪೀಕರ್‌ನಲ್ಲಿ ತಳದ ಸದ್ದು ಸ್ವಲ್ಪ ಕಡಿಮೆ ಅನಿಸಿತು ಅಂತ ಸಬ್ ಬೇಸ್‌ನ (ಬೇಸ್‌ನ ಅತಿ ಕೆಳಗಿನ ಪದರ) ಫೇಡರನ್ನು, ಅಂದರೆ ಅದರ ವಾಲ್ಯೂಮ್ ಪಟ್ಟಿಯನ್ನು, 7 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಏರಿಸಿದೆ. ಆಮೇಲೆ ಗೆಳೆಯನ ಆಟೋದಲ್ಲಿ ಪೆನ್‌ಡ್ರೈವ್ ಹಾಕಿಕೊಂಡು ಗಡಿಯಾರ ಕಂಬದ ಕಡೆ ಹೊರಟೆವು. ಅರ್ಧ ನಿಮಿಷ ಕೇಳಿ ಅವನು, "ಲೇ, ಇದರಾಗೆ ಬೇಸೇ ಇಲ್ಲಲ್ಲೋ, ಬರೀ ಚಿಕ್ ಚಿಕ್ ಅಂತೈತಿ" ಅಂದ. ಹೌದು, ಬೇಸ್ ಇರಲೇ ಇಲ್ಲ. ಫೋನಿನಲ್ಲಿ ಕೇಳಿದರೆ ಇನ್ನೂ ಕೆಟ್ಟದು: ಹೈಹ್ಯಾಟ್‌ನ ಚಿಕ್ ಚಿಕ್ ಮತ್ತು ಡೊಳ್ಳಿನ ಕೋಲಿನ ಟಕ್ ಟಕ್ ಬಿಟ್ಟರೆ ಏನೂ ಇಲ್ಲ. ಅದೇ ಫೈಲನ್ನು ನಮ್ಮ ಏರಿಯಾದ ಪೆಂಡಾಲ್‌ನ ದೊಡ್ಡ ಬಾಕ್ಸ್‌ಗಳಲ್ಲಿ ಹಾಕಿದಾಗ ಪೂರ್ತಿ ಉಲ್ಟಾ. ಒಂದೇ ಸಮನೆ ಧೂಂ ಅನ್ನುವ ಸದ್ದು, ಅದರೊಳಗೆ ಡೊಳ್ಳು ಮುಳುಗಿಹೋಗಿತ್ತು, ಬೇಸ್ ಯಾವ ಸ್ವರ ನುಡಿಸುತ್ತಿದೆ ಅಂತಲೂ ತಿಳಿಯುತ್ತಿರಲಿಲ್ಲ.

ಒಂದು ಕಡೆ ಬೇಸ್ ಇಲ್ಲ, ಇನ್ನೊಂದು ಕಡೆ ಬೇಸ್ ಬಿಟ್ಟರೆ ಏನೂ ಇಲ್ಲ. ನಾನು ಮಾಡಿದ ತಪ್ಪು ಏನು ಅಂದರೆ ನೇರ ಈಕ್ಯೂ, ಅಂದರೆ ತಳದ, ಮಧ್ಯದ, ಮೇಲಿನ ಸದ್ದನ್ನು ಬೇರೆ ಬೇರೆ ಏರಿಸಿ ಇಳಿಸುವ ಈಕ್ವಲೈಜರ್, ತೆರೆದು ತಿರುಗಿಸಲು ಶುರು ಮಾಡಿದ್ದು. 11 ರಾತ್ರಿ ತಿರುಗಿಸಿದೆ. ಆಟೋಗೆ ಸರಿ ಮಾಡಿದರೆ ಪೆಂಡಾಲ್‌ನಲ್ಲಿ ಕೆಡುತ್ತಿತ್ತು, ಪೆಂಡಾಲ್‌ಗೆ ಸರಿ ಮಾಡಿದರೆ ಹೆಡ್‌ಫೋನ್‌ನಲ್ಲಿ ಸಪ್ಪೆಯಾಗುತ್ತಿತ್ತು.

ನಮ್ಮ ಮಾವ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುತ್ತಾರೆ. ರೈತರು ಬಂದು "ಮೋಟಾರ್ ಸುಟ್ಟೈತಿ" ಅಂದರೆ ಅವರು ಮೊದಲು ಕೇಳುವುದು ಸ್ಟಾರ್ಟರ್ ನೋಡಿದ್ರಾ, ಕೇಬಲ್ ಜಾಯಿಂಟ್ ನೋಡಿದ್ರಾ, ಮೂರೂ ಫೇಸ್ ಬರ್ತಿತ್ತಾ ಅಂತ. ನೂರಾರು ಅಡಿ ಆಳದಿಂದ ಮೋಟಾರ್ ಎತ್ತಿಸುವುದು ದುಬಾರಿ ಕೆಲಸ, ಮೇಲಿರುವುದನ್ನು ನೋಡುವುದಕ್ಕೆ ಖರ್ಚಿಲ್ಲ. ಮಿಕ್ಸ್‌ನಲ್ಲೂ ನಾನು ಮಾಡಬೇಕಿದ್ದದ್ದು ಇದೇ. ಸದ್ದು ನಿಮ್ಮ ಫೈಲ್‌ನಿಂದ ಹೊರಟು ಕಿವಿ ತಲುಪುವವರೆಗೆ ಇರುವ ದಾರಿಯಲ್ಲಿ ದೋಷ ಎಲ್ಲಿದೆ ಅಂತ ಗೊತ್ತಾಗುವವರೆಗೂ ಒಂದು ಫೇಡರ್ ಕೂಡ ಮುಟ್ಟಬೇಡಿ.

ಮುಟ್ಟುವ ಮೊದಲು

ಪ್ರಾಜೆಕ್ಟನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ. ಪರೀಕ್ಷೆಯೆಲ್ಲ ಆ ಪ್ರತಿಯಲ್ಲೇ ನಡೆಯಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಒಟ್ಟಿಗೆ ಮೂರು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಆಮೇಲೆ, ನಿಮಗೆ ಬಾಯಿಪಾಠ ಆಗಿರುವಷ್ಟು ಚೆನ್ನಾಗಿ ಗೊತ್ತಿರುವ ಒಂದು ಹಾಡು ಬೇಕು. ನಿಮ್ಮ ಟ್ರ್ಯಾಕ್‌ನ ಜಾತಿಯದ್ದೇ ಆಗಿರಲಿ, ಒಳ್ಳೆಯ ಕ್ವಾಲಿಟಿಯ ಫೈಲ್ ಇರಲಿ. ಎಲ್ಲೆಲ್ಲಿ ನಿಮ್ಮ ಟ್ರ್ಯಾಕ್ ಕೆಟ್ಟದಾಗಿ ಕೇಳಿತೋ ಅಲ್ಲೆಲ್ಲ ಮೊದಲು ಆ ಹಾಡು ಹಾಕಿ. ಅದೂ ಕೆಟ್ಟದಾಗಿ ಕೇಳಿದರೆ ದೋಷ ನಿಮ್ಮದಲ್ಲ. ನಾನು ಎರಡು ಆಟೋಗಳಲ್ಲಿ ಹೀಗೆ ಮಾಡಿದೆ. ಒಂದರಲ್ಲಿ ಆ ಹಾಡಿನ ಬೇಸ್ ಕೂಡ ಮಾಯವಾಗಿತ್ತು. ಹಿಂದಿನ ಸೀಟಿನ ಹಿಂದೆ ಇಣುಕಿದರೆ ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ವೈರ್ ಅದಲು ಬದಲಾಗಿದೆ! ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿತ್ತು, ತಳದ ಸದ್ದು ಒಂದನ್ನೊಂದು ತಿನ್ನುತ್ತಿತ್ತು. ವೈರ್ ತಿರುಗಿಸಿ ಹಾಕಿದ ಮೇಲೆ ಆ ಆಟೋ ಸರಿಹೋಯಿತು. ಆದರೆ ನನ್ನ ಗೆಳೆಯನ ಆಟೋದಲ್ಲಿ ಗೊತ್ತಿರುವ ಹಾಡು ಚೆನ್ನಾಗೇ ಕೇಳಿತು. ಅಂದರೆ ಅಲ್ಲಿ ತಪ್ಪಿದ್ದು ನನ್ನ ಟ್ರ್ಯಾಕ್‌ನಲ್ಲೇ.

ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ, ಇದನ್ನು ಮರೆಯಬೇಡಿ. ಒಂದೆರಡು ಡಿಬಿ ಜೋರಾಗಿರುವುದೇ ನಮ್ಮ ಕಿವಿಗೆ "ಚೆನ್ನಾಗಿದೆ" ಅನಿಸುತ್ತದೆ. ಮಾಸ್ಟರಿಂಗ್ ಆಗಿರುವ, ಅಂದರೆ ಬಿಡುಗಡೆಗೆ ಅಂತ ಕೊನೆಯ ಹದ ಮಾಡಿ ಜೋರು ಮಾಡಿರುವ, ಹಾಡನ್ನು ಹಾಗೇ ಹಾಕಿದರೆ ನಿಮ್ಮ ಮಿಕ್ಸ್ ಯಾವಾಗಲೂ ಸೋಲುತ್ತದೆ. ಆ ಹಾಡನ್ನೇ 6 ಅಥವಾ 8 ಡಿಬಿ ಇಳಿಸಿ.

ಫೈಲ್ ಮತ್ತು ವೈರ್

ಇದು ಹತ್ತು ನಿಮಿಷದ ಕೆಲಸ. ಎಕ್ಸ್‌ಪೋರ್ಟ್ ಮಾಡಿದ ವೇವ್ ಫೈಲನ್ನು ಅದೇ ಪ್ರಾಜೆಕ್ಟ್‌ಗೆ ವಾಪಸ್ ತಂದು, ಶುರುವಿಗೆ ಸರಿಯಾಗಿ ಜೋಡಿಸಿ, ಅದರ ಪೋಲಾರಿಟಿ ತಿರುಗಿಸಿ (ಅಲೆ ಮೇಲೆ ಹೋಗುವ ಕಡೆ ಕೆಳಗೆ ಹೋಗುವ ಹಾಗೆ), ಮಾಸ್ಟರ್‌ನ (ಎಲ್ಲ ಸದ್ದೂ ಕೂಡುವ ಕೊನೆಯ ಚಾನಲ್) ಪ್ಲಗಿನ್‌ಗಳ (ಒಳಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಮೂಲಕ ಎರಡನೇ ಸಲ ಹಾಯದ ಹಾಗೆ ನೋಡಿಕೊಂಡು ಮಿಕ್ಸ್ ಜೊತೆಗೆ ಪ್ಲೇ ಮಾಡಿ. ಎರಡೂ ಒಂದೇ ಆಗಿದ್ದರೆ ಹೆಚ್ಚು ಕಡಿಮೆ ಮೌನ ಬರಬೇಕು. ಬೇಸ್ ಉಳಿದುಕೊಂಡು ಕೇಳಿದರೆ ಎಕ್ಸ್‌ಪೋರ್ಟ್ ಮಾಡುವಾಗಲೇ ಏನೋ ಬಿಟ್ಟುಹೋಗಿದೆ, ಯಾವುದೋ ವಾದ್ಯದ ಟ್ರ್ಯಾಕ್ ಮ್ಯೂಟ್ ಆಗಿರಬಹುದು. ಹಾಡು ಸುಮಾರು ಒಂದೂವರೆ ಸೆಮಿಟೋನ್ (ಹಾರ್ಮೋನಿಯಂನ ಒಂದೂವರೆ ಮನೆಯಷ್ಟು) ಏರಿ ಬೇಗ ಮುಗಿದುಹೋದರೆ 44.1 ಕಿಲೋಹರ್ಟ್ಜ್ ಸ್ಯಾಂಪಲ್ ರೇಟ್‌ನ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆದಿದೆ ಅನ್ನುವ ಲೆಕ್ಕ) ಫೈಲ್ 48ರಲ್ಲಿ ಓಡುತ್ತಿದೆ ಅಂತ ಅರ್ಥ. ಲ್ಯಾಪ್‌ಟಾಪ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಎನ್‌ಹಾನ್ಸ್‌ಮೆಂಟ್, ಬೇಸ್ ಬೂಸ್ಟ್ ಅಂತ ಏನಾದರೂ ಆನ್ ಇದ್ದರೆ ಆಫ್ ಮಾಡಿ. ಫೋನಿನಲ್ಲೂ ಅಷ್ಟೇ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ.

ಹಂ ಅನ್ನುವ ಸದ್ದು ಇದೆಯಾ ಅಂತಲೂ ಇಲ್ಲೇ ನೋಡಿಬಿಡಿ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು. ಅದು ರೆಕಾರ್ಡಿಂಗ್‌ಗೆ ಸೇರಿಕೊಂಡರೆ 50, 100, 150ರಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ, ಕಿಕ್ (ಡ್ರಮ್‌ನ ದಪ್ಪ ಬಡಿತ) ಮತ್ತು ಬೇಸ್ ಕೂತಿರುವ ಜಾಗದಲ್ಲೇ. ವೋಕ್ಸೆಂಗೊ ಸ್ಪ್ಯಾನ್ ಅಂತ ಒಂದು ಉಚಿತ ಪ್ಲಗಿನ್ ಇದೆ, ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸುತ್ತದೆ. ಏನೂ ನುಡಿಸದೆ ಸುಮ್ನೆ ಬಿಟ್ಟು ಅದರಲ್ಲಿ ನೋಡಿ. ಗೆರೆ ಕಂಡರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಹಂ ಹೋಯಿತಾ? ಹಾಗಾದರೆ ಅರ್ಥಿಂಗ್‌ನ ತಕರಾರು. ಸ್ಪೀಕರ್, ಇಂಟರ್‌ಫೇಸ್, ಚಾರ್ಜರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಕೆಲವರು ಅರ್ಥ್ ಪಿನ್ ಮುರಿದುಬಿಡುತ್ತಾರೆ. ದಯವಿಟ್ಟು ಅದು ಮಾತ್ರ ಬೇಡ, ಜೀವಕ್ಕೆ ಅಪಾಯ.

ನನ್ನ ಫೈಲ್ ಸರಿ ಇತ್ತು. ಹಂ ಇರಲಿಲ್ಲ. ಮುಂದಕ್ಕೆ ಹೋದೆ.

ಕೋಣೆ ಸುಳ್ಳು ಹೇಳುತ್ತದೆ

ಇದೇ ದೊಡ್ಡ ವಿಷಯ. ಮನೆಯಲ್ಲಿ ಮಿಕ್ಸ್ ಮಾಡುವ ಹೊಸಬರ ತಳದ ಸದ್ದಿನ ಸಮಸ್ಯೆ ಬಹಳಷ್ಟು ಸಲ ಇಲ್ಲಿಂದಲೇ ಶುರುವಾಗುತ್ತದೆ ಅಂತ ನನ್ನ ಅನುಭವ.

ಸುಳಿವು ಕೊಟ್ಟಿದ್ದು ಅಮ್ಮ. ನನ್ನ ಕೋಣೆಯ ಕೆಳಗೇ ಅಡುಗೆಮನೆ. ಒಂದು ಮಧ್ಯಾಹ್ನ ನಾನು ಸಬ್ ಸಾಲುತ್ತಿಲ್ಲ ಅಂತ ಇನ್ನೂ ಏರಿಸುತ್ತಿದ್ದಾಗ ಅಮ್ಮ ಮೇಲೆ ಬಂದು, "ಏನಪ್ಪಾ ಅದು, ಪಾತ್ರೆ ಸ್ಟ್ಯಾಂಡ್ ಎಲ್ಲ ಗಿಣಿಗಿಣಿ ಅಂತೈತಿ" ಅಂದರು. ನನ್ನ ಕಿವಿಗೆ ಕೇಳದ ಸದ್ದು ಕೆಳಗಿನ ಮನೆಯ ಪಾತ್ರೆ ಅಲ್ಲಾಡಿಸುತ್ತಿದೆ ಅಂದರೆ ಸದ್ದು ಇದೆ, ನಾನು ಕೂತ ಜಾಗದಲ್ಲಿ ಮಾತ್ರ ಇಲ್ಲ. ಅಲ್ವಾ?

ಪರೀಕ್ಷೆ ಸುಲಭ. ಸೈನ್ ವೇವ್, ಅಂದರೆ ಒಂದೇ ಫ್ರೀಕ್ವೆನ್ಸಿಯ ಶುದ್ಧ ಸದ್ದು, ಬರುವ ಟೋನ್ ಜನರೇಟರ್ ಪ್ಲಗಿನ್ ತೆಗೆದುಕೊಳ್ಳಿ. ವಾಲ್ಯೂಮ್ ಕಡಿಮೆ ಇಡಿ, ಸೈನ್ ವೇವನ್ನು ಜೋರಾಗಿ ಬಿಟ್ಟರೆ ಸಣ್ಣ ಸ್ಪೀಕರ್ ಹಾಳಾಗುತ್ತದೆ. ಫ್ಯಾನ್ ಆಫ್ ಮಾಡಿ. ಕೂರುವ ಜಾಗದಲ್ಲೇ ಕೂತು 40 ಹರ್ಟ್ಜ್‌ನಿಂದ 120ರವರೆಗೆ ಒಂದೊಂದೇ ಹೆಜ್ಜೆ ಏರಿಸುತ್ತಾ ಹೋಗಿ. ಕೆಲವು ಕಡೆ ಸದ್ದು ಉಬ್ಬುತ್ತದೆ, ಕೆಲವು ಕಡೆ ಕುಸಿಯುತ್ತದೆ. ನನ್ನ ಕೋಣೆಯಲ್ಲಿ 52ಕ್ಕೆ ಬಂದಾಗ ಸ್ಪೀಕರ್‌ನ ಕೋನ್ ನಡುಗುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಹೆಚ್ಚು ಕಡಿಮೆ ಏನೂ ಇಲ್ಲ. ಎದ್ದು ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಂತರೆ ಅದೇ ಸದ್ದು ಎದೆಗೆ ಬಡಿಯುತ್ತಿತ್ತು. ಮತ್ತೆ ಕುರ್ಚಿಗೆ ಬಂದರೆ ಮಾಯ.

ಯಾಕೆ ಹೀಗೆ? ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅದು 20 ಡಿಗ್ರಿ ತಂಪಿನಲ್ಲಿ. ನಮ್ಮೂರಿನ ಸೆಕೆಗೆ 350 ಅಂತ ಹಿಡಿಯಿರಿ. 11 ಅಡಿ ಅಂದರೆ 3.35 ಮೀಟರ್. ಸದ್ದಿನ ವೇಗವನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ: 350ನ್ನು 6.7ರಿಂದ ಭಾಗಿಸಿದರೆ 52. ಆ ಫ್ರೀಕ್ವೆನ್ಸಿಯ ಅಲೆ ಎದುರಿನ ಗೋಡೆಗೂ ಹಿಂದಿನ ಗೋಡೆಗೂ ನಡುವೆ ನಿಂತುಬಿಡುತ್ತದೆ. ಗೋಡೆಗಳ ಹತ್ತಿರ ಒತ್ತಡ ಅತಿ ಹೆಚ್ಚು, ನಟ್ಟನಡುವೆ ಒತ್ತಡವೇ ಇಲ್ಲ. ನನ್ನ ಕುರ್ಚಿ ಇದ್ದದ್ದು ಸರಿಯಾಗಿ ನಟ್ಟನಡುವೆ! ಅದರ ಮೇಲೆ ಟ್ರ್ಯಾಕ್‌ನ ಶ್ರುತಿ ಜಿ ಶಾರ್ಪ್, ಹಾರ್ಮೋನಿಯಂ ಮೇಷ್ಟ್ರು ಕರಿ ನಾಲ್ಕು ಅನ್ನುವುದು. ಸಬ್ ಬೇಸ್ ನುಡಿಸುತ್ತಿದ್ದ ಜಿ ಶಾರ್ಪ್ 51.9 ಹರ್ಟ್ಜ್. ಕೋಣೆಯ ಗುಂಡಿಗೂ (ಸದ್ದು ಕುಸಿಯುವ ಫ್ರೀಕ್ವೆನ್ಸಿ) ನನ್ನ ಟ್ರ್ಯಾಕ್‌ನ ಮೂಲ ಸ್ವರಕ್ಕೂ ವ್ಯತ್ಯಾಸವೇ ಇಲ್ಲ. ಕೇಳದ ಸ್ವರವನ್ನು ಕೇಳಿಸಿಕೊಳ್ಳಲು 7 ಡಿಬಿ ಏರಿಸಿದ್ದೆ, ಆ 7 ಡಿಬಿ ಪೆಂಡಾಲ್‌ನಲ್ಲಿ ಧೂಂ ಅಂತ ಹೊರಬಂತು. ಅಡಿ ಅಳತೆಯ ಟೇಪ್ ಹಿಡಿದು ಈ ಲೆಕ್ಕ ನಿಮ್ಮ ಕೋಣೆಗೂ ಮಾಡಿ. ಉದ್ದ ಅಗಲ ಎರಡೂ ಹತ್ತಿರ ಹತ್ತಿರ ಇರುವ ಚೌಕದ ಕೋಣೆ ಇನ್ನೂ ಕಷ್ಟ, ಯಾಕೆಂದರೆ ಎರಡರ ಗುಂಡಿಗಳೂ ಅಕ್ಕಪಕ್ಕ ಬೀಳುತ್ತವೆ. ನನ್ನದು ಬಹುತೇಕ ಅಂಥದ್ದೇ, ಅಗಲದ ಲೆಕ್ಕ 57ಕ್ಕೆ ಬರುತ್ತದೆ.

ಇದನ್ನು ಈಕ್ಯೂನಿಂದ ತುಂಬಲು ಆಗುವುದಿಲ್ಲ. ಎಷ್ಟು ಏರಿಸಿದರೂ ಆ ಜಾಗದಲ್ಲಿ ಅದು ಅಷ್ಟೇ ರದ್ದಾಗುತ್ತದೆ. ಮೊಟ್ಟೆ ಟ್ರೇ ಅಂಟಿಸುವುದು, ಥರ್ಮಾಕೋಲ್ ಹಚ್ಚುವುದು ಬೇಸ್‌ಗೆ ಉಪಯೋಗವಿಲ್ಲ, ಅವು ಬರೀ ಮೇಲಿನ ಸದ್ದನ್ನು ಸ್ವಲ್ಪ ಮಂಕು ಮಾಡುತ್ತವೆ. ದಾವಣಗೆರೆ ಹತ್ತಿಯ ಊರು, ಹಳೇ ಹತ್ತಿ ಗಾದಿ ಮನೆಮನೆಯಲ್ಲಿ ಸಿಗುತ್ತದೆ. ನಾಲ್ಕು ಗಾದಿ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿದೆ. ಮಾತಿನ ಗದ್ದಲ ಕಡಿಮೆಯಾಯಿತು, ಮಧ್ಯದ ಸದ್ದು ಸ್ಪಷ್ಟವಾಯಿತು, ಅಷ್ಟು ಲಾಭ ನಿಜ. ಆದರೆ 52 ಹರ್ಟ್ಜ್‌ನ ಒಂದು ಅಲೆಯ ಉದ್ದ 6.7 ಮೀಟರ್, 22 ಅಡಿ. ಅದನ್ನು ಅರ್ಧ ಅಡಿ ಗಾದಿ ಹೀರುವುದಿಲ್ಲ.

ಕೆಲಸ ಮಾಡಿದ್ದು ಕುರ್ಚಿ ಸರಿಸಿದ್ದು. ಎದುರಿನ ಗೋಡೆಯಿಂದ ಕೋಣೆಯ ಉದ್ದದ ನೂರಕ್ಕೆ 38ರಷ್ಟು ದೂರ ಅಂತ ಒಂದು ರೂಢಿಯ ಲೆಕ್ಕ ಇದೆ, ನನ್ನ ಕೋಣೆಗೆ ಅದು 4 ಅಡಿ 2 ಇಂಚು. ಅದೇ ಕೊನೆಯಲ್ಲ, ಅಲ್ಲಿಂದ ಶುರು ಮಾಡಿ ಅರ್ಧ ಅರ್ಧ ಅಡಿ ಹಿಂದೆ ಮುಂದೆ ಸರಿದು ಸೈನ್ ವೇವ್ ಪರೀಕ್ಷೆ ಮತ್ತೆ ಮಾಡಬೇಕು. ಸ್ಪೀಕರ್‌ಗಳನ್ನು ಗೋಡೆಯಿಂದ ಒಂದು ಮೀಟರ್ ದೂರ ಇಟ್ಟಿದ್ದೆ, ಅದೂ ತಪ್ಪಾಗಿತ್ತು: ಸ್ಪೀಕರ್‌ನ ಬೆನ್ನ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುವ ಸದ್ದು 86 ಹರ್ಟ್ಜ್ ಆಸುಪಾಸಿನಲ್ಲಿ ನೇರ ಬರುವ ಸದ್ದನ್ನು ತಿನ್ನುತ್ತದೆ. ಗೋಡೆಗೆ ಹತ್ತಿರ ತಳ್ಳಿದೆ. ಇಷ್ಟಾದ ಮೇಲೆ ಅದೇ ಮಿಕ್ಸ್ ಹಾಕಿದರೆ ಸಬ್ ಅಸಹ್ಯವಾಗಿ ಜೋರಾಗಿ ಕೇಳಿತು. ಪೆಂಡಾಲ್‌ನಲ್ಲಿ ಕೇಳಿದ್ದೇ ಈಗ ನನ್ನ ಕೋಣೆಯಲ್ಲಿ ಕೇಳುತ್ತಿದೆ ಅಂತ ಖುಷಿಯಾಯಿತು. ಸಬ್ 6 ಡಿಬಿ ಇಳಿಸಿದೆ. ಅಮ್ಮನ ಪಾತ್ರೆ ಸ್ಟ್ಯಾಂಡ್ ಸುಮ್ಮನಾಯಿತು.

ರಾತ್ರಿ ಸಣ್ಣ ದನಿಯಲ್ಲಿ ಮಿಕ್ಸ್ ಮಾಡುವವರಿಗೆ ಒಂದು ಮಾತು. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಹಾಗಾಗಿ ಬೇಸ್‌ನ ಮಟ್ಟವನ್ನು ರಾತ್ರಿ ತೀರ್ಮಾನ ಮಾಡಬೇಡಿ. ಹಗಲು ಸಾಧಾರಣ ದನಿಯಲ್ಲಿ, ಗೊತ್ತಿರುವ ಹಾಡಿನ ಪಕ್ಕದಲ್ಲಿಟ್ಟು ನೋಡಿ.

ಮೋನೋ ಮಾಡಿ ಕೇಳಿ

ಪೆಂಡಾಲ್‌ನ ಧೂಂ ಅರ್ಥವಾಯಿತು. ಆದರೆ ಆಟೋದಲ್ಲಿ ಬೇಸ್ ಯಾಕಿಲ್ಲ? ಸಬ್ ಅಷ್ಟು ಜೋರಾಗಿದ್ದಾಗಲೂ ಇರಲಿಲ್ಲವಲ್ಲ.

ಸಣ್ಣ ಸ್ಪೀಕರ್‌ಗಳು 52 ಹರ್ಟ್ಜನ್ನು ಹೆಚ್ಚು ಕಡಿಮೆ ನುಡಿಸುವುದೇ ಇಲ್ಲ. ಅಲ್ಲಿ ನಮಗೆ ಬೇಸ್ ಅನಿಸುವುದು ಅದರ ಮೇಲಿನ ಪದರ, 100ರಿಂದ 300 ಹರ್ಟ್ಜ್ ನಡುವಿನದು. ನನ್ನ ಟ್ರ್ಯಾಕ್‌ನಲ್ಲಿ ಅದಕ್ಕೆ ಬೇರೆ ಸಿಂತ್ (ಎಲೆಕ್ಟ್ರಾನಿಕ್ ವಾದ್ಯ) ಇತ್ತು, ಒಂದು ಆಕ್ಟೇವ್ (ಎರಡರಷ್ಟು ಫ್ರೀಕ್ವೆನ್ಸಿ) ಮೇಲೆ ನುಡಿಸುವ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ). ಅದನ್ನು ಅಗಲ ಮಾಡಲು ಬಲ ಚಾನಲ್‌ಗೆ 5 ಮಿಲಿಸೆಕೆಂಡ್ ಡಿಲೇ ಹಾಕಿದ್ದೆ. ಹೆಡ್‌ಫೋನ್‌ನಲ್ಲಿ ಎಡಗಿವಿಗೆ ಒಂದು, ಬಲಗಿವಿಗೆ ಒಂದು ಬೇರೆ ಬೇರೆ ತಲುಪುತ್ತದೆ, ಎರಡೂ ಎಲ್ಲೂ ಸೇರುವುದಿಲ್ಲ, ಅದಕ್ಕೇ ಅಷ್ಟು ದೊಡ್ಡದಾಗಿ ಕೇಳಿದ್ದು. ಗೆಳೆಯನ ಆಟೋದ ಆಂಪ್ಲಿಫೈಯರ್ ಎರಡೂ ಚಾನಲ್ ಕೂಡಿಸಿ ಒಂದೇ ಮಾಡಿ, ಅಂದರೆ ಮೋನೋ ಮಾಡಿ, ಕಳಿಸುತ್ತಿತ್ತು. ಒಂಟಿ ಬ್ಲೂಟೂತ್ ಸ್ಪೀಕರ್, ಒಂದೇ ಸ್ಪೀಕರ್ ಇರುವ ಫೋನು ಮಾಡುವುದೂ ಇದನ್ನೇ.

ಕೂಡಿಸಿದಾಗ ಆಗುವುದು ನೋಡಿ. 100 ಹರ್ಟ್ಜ್‌ನ ಒಂದು ಸುತ್ತಿಗೆ 10 ಮಿಲಿಸೆಕೆಂಡ್ ಬೇಕು. 5 ಮಿಲಿಸೆಕೆಂಡ್ ತಡವಾದರೆ ಅರ್ಧ ಸುತ್ತು ಹಿಂದೆ. ಎಡ ಚಾನಲ್ ಮೇಲೆ ಹೋಗುವಾಗ ಬಲ ಚಾನಲ್ ಕೆಳಗೆ. ಒಂದೇ ಬಾಗಿಲನ್ನು ಒಬ್ಬ ಒಳಗಿಂದ, ಇನ್ನೊಬ್ಬ ಹೊರಗಿಂದ ಒಂದೇ ಬಲದಲ್ಲಿ ತಳ್ಳಿದ ಹಾಗೆ, ಬಾಗಿಲು ಅಲ್ಲಾಡುವುದಿಲ್ಲ. ಇದೇ ರೀತಿ 300, 500 ಹರ್ಟ್ಜ್‌ನಲ್ಲೂ ರದ್ದಾಗುತ್ತದೆ. ನನ್ನ ಸಿಂತ್‌ನ ಸ್ವರ 103.8 ಹರ್ಟ್ಜ್. ಸ್ಕ್ವೇರ್ ವೇವ್‌ನಲ್ಲಿ ಇರುವುದು ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳು ಮಾತ್ರ, ಅಂದರೆ ಮೂಲ ಸ್ವರದ ಒಂದು, ಮೂರು, ಐದು ಪಟ್ಟು: 104, 311, 519. ಮೂರೂ ಆ ಗುಂಡಿಗಳ ಹತ್ತಿರವೇ ಬಂದು ಬಿದ್ದವು! 104 ಹರ್ಟ್ಜ್ ಒಂದೇ ಲೆಕ್ಕ ಹಾಕಿದರೆ ಸುಮಾರು 24 ಡಿಬಿ ಕುಸಿತ. ಈ ಲೆಕ್ಕ ಕಾಗದದ ಮೇಲೆ ಹಾಕಿ ಮುಗಿಸಿದಾಗ ರಾತ್ರಿ ಎರಡು ಗಂಟೆ, ಎದ್ದು ಕೋಣೆಯಲ್ಲಿ ಓಡಾಡಿದೆ. 11 ರಾತ್ರಿ ಈಕ್ಯೂನಲ್ಲಿ ಹುಡುಕಿದ್ದು ಒಂದು ಡಿಲೇ ಪ್ಲಗಿನ್‌ನಲ್ಲಿ ಕೂತಿತ್ತು.

ಪರೀಕ್ಷೆಗೆ ಲೆಕ್ಕ ಬೇಕಿಲ್ಲ. ಮಾಸ್ಟರ್ ಟ್ರ್ಯಾಕ್‌ನಲ್ಲಿ ಮೋನೋ ಬಟನ್ ಒತ್ತಿ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಸ್ಟರ್ ಮೇಲೇ ಇದೆ, ಬೇರೆ ಸಾಫ್ಟ್‌ವೇರ್‌ನಲ್ಲಿ ಸ್ಟೀರಿಯೋ ಅಗಲ ಹೊಂದಿಸುವ ಪ್ಲಗಿನ್‌ನಲ್ಲಿ ಸಿಗುತ್ತದೆ. ಒತ್ತಿದಾಗ ಹಾಡು ಸ್ವಲ್ಪ ಕಿರಿದಾಗಬೇಕು, ಅಷ್ಟೇ. ಯಾವುದೋ ವಾದ್ಯ ಪೂರ್ತಿ ಹಿಂದೆ ಸರಿದರೆ ಅದೇ ಕಳ್ಳ. ಒಂದೊಂದೇ ವಾದ್ಯದ ಟ್ರ್ಯಾಕನ್ನು ಸೋಲೋ ಮಾಡಿ (ಅದೊಂದೇ ಕೇಳುವ ಹಾಗೆ) ಮೋನೋ ಒತ್ತಿ ಬಿಟ್ಟು ನೋಡಿದರೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಕೋರಿಲೇಷನ್ ಮೀಟರ್ (ಎಡ ಬಲ ಚಾನಲ್ ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವುದು) ಇದ್ದರೆ ಅದರ ಮುಳ್ಳು ಸೊನ್ನೆಯ ಕೆಳಗೆ ಜಾಸ್ತಿ ಹೊತ್ತು ಇರುತ್ತದಾ ಅಂತಲೂ ನೋಡಿ.

ಡಿಲೇ ತೆಗೆದೆ. ಬೇಸ್‌ಗೆ ಅಗಲ ಬೇಕೇ ಬೇಕು ಅನಿಸಿದರೆ 150 ಹರ್ಟ್ಜ್‌ನ ಕೆಳಗಿನದೆಲ್ಲ ಮೋನೋ ಇಟ್ಟು ಮೇಲಿನದಕ್ಕೆ ಮಾತ್ರ ಅಗಲ ಕೊಡುವ ಕೋರಸ್ ಎಫೆಕ್ಟ್ ಥರದ್ದು ಕೊಡಿ, ಕೊಟ್ಟ ಮೇಲೆ ಮತ್ತೆ ಮೋನೋದಲ್ಲಿ ಕೇಳಿ. ಸಿಂತ್‌ನೊಳಗಿನ ಯೂನಿಸನ್ (ಒಂದೇ ಸ್ವರದ ಹಲವು ಪ್ರತಿ ಒಟ್ಟಿಗೆ ನುಡಿಸುವುದು) ಕೂಡ ಇದೇ ತೊಂದರೆ ಮಾಡಬಹುದು, ಅದರ ಸ್ಟೀರಿಯೋ ನಾಬ್ ಸೊನ್ನೆಗೆ ತಂದು ಪರೀಕ್ಷಿಸಿ.

ಫೋನಿಗೆ ಇನ್ನೊಂದು ಉಪಾಯ: ಸಬ್ ಮೇಲೆ ಸ್ವಲ್ಪ ಸ್ಯಾಚುರೇಷನ್, ಅಂದರೆ ಸದ್ದನ್ನು ಹದವಾಗಿ ಒಡೆಯಿಸುವುದು. 52ರ ಸ್ವರಕ್ಕೆ 104, 156, 208ರ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅವು ಕೇಳಿದರೆ ಸಾಕು, ಇಲ್ಲದ 52ನ್ನು ನಮ್ಮ ಮೆದುಳೇ ತುಂಬಿಕೊಳ್ಳುತ್ತದೆ.

ಡೊಳ್ಳಿಗೆ ಹೊಟ್ಟೆಯೇ ಇಲ್ಲ

ಡೊಳ್ಳಿನ ಸದ್ದು ಬರೀ ಟಕ್ ಟಕ್ ಆಗಿದ್ದು ಬೇರೆಯದೇ ಕಥೆ. ಊರಿನ ಡೊಳ್ಳಿನ ತಂಡದವರೊಬ್ಬರು ಪ್ರೀತಿಯಿಂದ ಬಂದು ನುಡಿಸಿದ್ದರು. ಕೋಲು ಬೀಳುವ ಕಡೆ ಒಂದು ಮೈಕ್, ಕೈ ಬಡಿಯುವ ಕಡೆ ಒಂದು ಮೈಕ್ ಇಟ್ಟಿದ್ದೆ. ಒಂದೊಂದೇ ಕೇಳಿದರೆ ಎರಡೂ ಚೆಂದ. ಸೇರಿಸಿದರೆ ಡೊಳ್ಳಿನ ಹೊಟ್ಟೆ ಮಾಯ.

ಕೋಲು ಬಿದ್ದಾಗ ಆ ಕಡೆಯ ಚರ್ಮ ಒಳಗೆ ಹೋಗುತ್ತದೆ, ಅಂದರೆ ಆ ಮೈಕ್‌ನಿಂದ ದೂರ. ಒಳಗಿನ ಗಾಳಿ ಇನ್ನೊಂದು ಕಡೆಯ ಚರ್ಮವನ್ನು ಹೊರಗೆ, ಅಲ್ಲಿನ ಮೈಕ್‌ನ ಕಡೆಗೆ ತಳ್ಳುತ್ತದೆ. ಒಂದು ಮೈಕ್‌ನ ಅಲೆ ಕೆಳಗೆ ಶುರುವಾದರೆ ಇನ್ನೊಂದರದು ಮೇಲೆ. ವೇವ್‌ಫಾರ್ಮನ್ನು ಹತ್ತಿರದಿಂದ ನೋಡಿದರೆ ಕಣ್ಣಿಗೇ ಕಾಣುತ್ತದೆ. ಒಂದು ಟ್ರ್ಯಾಕ್‌ನ ಪೋಲಾರಿಟಿ ಬಟನ್ ಒತ್ತಿದೆ, ಡೊಳ್ಳು ಎದ್ದು ಕೂತಿತು. ಮೈಕ್‌ಗಳ ದೂರವೂ ನೋಡಬೇಕು, 34 ಸೆಂಟಿಮೀಟರ್ ಹೆಚ್ಚಾದರೆ ಒಂದು ಮಿಲಿಸೆಕೆಂಡ್ ತಡ. ಹಿಂದೆ ಬಿದ್ದ ಟ್ರ್ಯಾಕನ್ನು ಅಷ್ಟು ಮುಂದೆ ಎಳೆದು ಜೋಡಿಸಿ, ಯಾವುದು ದಪ್ಪವಾಗಿ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ಕಿಕ್ ಮತ್ತು ಸಬ್ ಒಟ್ಟಿಗೆ ಬಿದ್ದಾಗ ಕಿಕ್ ತೆಳುವಾದರೂ ಇದೇ ಬಟನ್ ಒತ್ತಿ ನೋಡಿ.

ಹೊಟ್ಟೆ ಬಂದ ಮೇಲೆ ಹೊಸ ತಕರಾರು. ಕಿಕ್, ಸಬ್, ಡೊಳ್ಳು ಮೂರೂ ತಳದಲ್ಲಿ ಗುದ್ದಾಡಲು ಶುರು. ಇಲ್ಲಿ ನಿಜವಾಗಿಯೂ ಮಿಕ್ಸ್ ಮಾಡಬೇಕು, ಈಕ್ಯೂ ತೆರೆಯುವ ಸಮಯ ಈಗ ಬಂತು. ಸ್ಪ್ಯಾನ್‌ನಲ್ಲಿ ನನ್ನ ಡೊಳ್ಳಿನ ಬಲ 90ರಿಂದ 110ರ ನಡುವೆ ಕಂಡಿತು. ಹಾಡಿನ ಜೀವ ಡೊಳ್ಳು ಅಂತ ತೀರ್ಮಾನ ಮಾಡಿ ಆ ಜಾಗ ಅದಕ್ಕೇ ಬಿಟ್ಟೆ, ಸ್ಕ್ವೇರ್ ಸಿಂತನ್ನು ಅಲ್ಲಿ 3 ಡಿಬಿ ತಗ್ಗಿಸಿದೆ, ಡೊಳ್ಳಿನ 60ರ ಕೆಳಗಿನದನ್ನು ಕತ್ತರಿಸಿದೆ. ಕಿಕ್ ಬಿದ್ದಾಗ ಸಬ್ ಬಗ್ಗಲಿ ಅಂತ ಸೈಡ್‌ಚೈನ್ ಕಂಪ್ರೆಸರ್ ಹಾಕಿದೆ. 125 ಬಿಪಿಎಂನಲ್ಲಿ (ನಿಮಿಷಕ್ಕೆ 125 ಬಡಿತ) ಒಂದು ಬಡಿತಕ್ಕೆ 480 ಮಿಲಿಸೆಕೆಂಡ್, ರಿಲೀಸ್ (ಬಗ್ಗಿದ ಸದ್ದು ವಾಪಸ್ ಏಳುವ ಸಮಯ) 120ರ ಹತ್ತಿರ ಇಟ್ಟಾಗ ಸಬ್ ಮುಂದಿನ ಬಡಿತಕ್ಕೆ ಮೊದಲೇ ವಾಪಸ್ ಬಂದು ನಿಲ್ಲುತ್ತಿತ್ತು. ಡೊಳ್ಳು ಮುಂದೆ ಬರಬೇಕು ಅಂತ ಅದನ್ನೇ ಏರಿಸುವ ಆಸೆ ಆಗುತ್ತದೆ, ಆದರೆ ಉಳಿದವನ್ನು ಇಳಿಸಿದರೆ ಅದು ತಾನಾಗೇ ಬರುತ್ತದೆ.

ಕೊನೆಗೆ ಲಿಮಿಟರ್, ಅಂದರೆ ಸದ್ದು ಒಂದು ಮಿತಿ ದಾಟದ ಹಾಗೆ ಒತ್ತಿ ಹಿಡಿಯುವ ಪ್ಲಗಿನ್. ಮೊದಲಿನ ಮಿಕ್ಸ್‌ನಲ್ಲಿ ಸಬ್ ಜಾಸ್ತಿ ಇದ್ದದ್ದರಿಂದ ಲಿಮಿಟರ್ ಪ್ರತಿ ಬಡಿತಕ್ಕೂ ಹಾಡನ್ನೆಲ್ಲ ಒತ್ತುತ್ತಿತ್ತು, ಹೈಹ್ಯಾಟ್ ಕೂಡ ಏದುಸಿರು ಬಿಡುವ ಹಾಗೆ ಕೇಳುತ್ತಿತ್ತು. ಈಗ ಎರಡು ಮೂರು ಡಿಬಿ ಮಾತ್ರ ತಾಗುತ್ತದೆ, ಮೇಲಿನ ಮಿತಿ ಮೈನಸ್ 1 ಡಿಬಿ. ಇನ್ನೂ ಜೋರು ಬೇಕು ಅಂತ ಒತ್ತುವುದರಲ್ಲಿ ಅರ್ಥವಿಲ್ಲ. ಸ್ಪಾಟಿಫೈಯಂಥ ಕಡೆ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರಿನ ಅಳತೆ) ಆಸುಪಾಸಿಗೆ ಅವರೇ ಇಳಿಸುತ್ತಾರೆ.

ಮತ್ತೆ ಪೆಂಡಾಲ್

ಆಟೋದಲ್ಲಿ ಮತ್ತೆ ಹಾಕಿದಾಗ ಗೆಳೆಯ ಏನೂ ಹೇಳಲಿಲ್ಲ, ವಾಲ್ಯೂಮ್ ಏರಿಸಿದ. ಫೋನಿನಲ್ಲಿ ಡೊಳ್ಳಿನ ಹೊಟ್ಟೆಯೂ ಬೇಸ್‌ನ ನಡೆಯೂ ತಿಳಿಯುತ್ತಿತ್ತು. ಪೆಂಡಾಲ್‌ನಲ್ಲಿ ಪರೀಕ್ಷೆ ಮಾಡಬೇಕೆಂದರೆ ಸೌಂಡ್ ಸಿಸ್ಟಮ್‌ನವರನ್ನು ಮಧ್ಯಾಹ್ನವೇ ಕೇಳಿಕೊಳ್ಳಿ. ಸಂಜೆ ಅವರಿಗೆ ಪುರುಸೊತ್ತಿರುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಸಾಮಾನ್ಯವಾಗಿ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ನಾನು ಹೋದಾಗ ಸೌಂಡ್ ಅಣ್ಣ ಬಾಕ್ಸ್ ಜೋಡಿಸಿ ಚಹಾ ಕುಡಿಯುತ್ತಿದ್ದರು. ಮೊದಲು ಗೊತ್ತಿರುವ ಹಾಡು, ಆಮೇಲೆ ನನ್ನದು. ಧೂಂ ಹೋಗಿತ್ತು, ಸ್ವರ ಬಿಡಿಬಿಡಿಯಾಗಿ ಕೇಳುತ್ತಿತ್ತು, ಡೊಳ್ಳು ಎಲ್ಲಕ್ಕಿಂತ ಮುಂದೆ ನಿಂತಿತ್ತು. ಆದರೆ ತಳದ ಸದ್ದು ಇನ್ನೂ ಸ್ವಲ್ಪ ಊದಿಕೊಂಡ ಹಾಗಿತ್ತು. ಕೈ ಲ್ಯಾಪ್‌ಟಾಪ್ ಕಡೆ ಹೋಯಿತು, ತಡೆದುಕೊಂಡು ಗೊತ್ತಿರುವ ಹಾಡನ್ನು ಮತ್ತೊಮ್ಮೆ ಹಾಕಿಸಿದೆ. ಅದರ ಬೇಸ್ ಕೂಡ ಅಷ್ಟೇ ಊದಿತ್ತು. ನೋಡಿದರೆ ಸಬ್ ಬಾಕ್ಸ್‌ಗಳು ಕಾಂಪೌಂಡ್ ಗೋಡೆಯ ಮೂಲೆಗೆ ಒತ್ತಿ ನಿಂತಿವೆ. "ಅಣ್ಣಾ, ಇವನ್ನು ಮೂಲೆಯಿಂದ ಈಚೆ ಎಳೆದು ನೋಡೋಣವಾ?" ಅಂತ ಕೇಳಿದೆ. ಇಬ್ಬರೂ ಸೇರಿ ಎಳೆದೆವು, ಎರಡು ಹಾಡಿನ ಬೇಸೂ ಒಟ್ಟಿಗೇ ಹದಕ್ಕೆ ಬಂತು. ಫೈಲ್ ಮುಟ್ಟಲಿಲ್ಲ.